ನುಂಗುವ ಕ್ಯಾಪ್ಸೂಲೋ, ಒಳಗಿಡುವುದೋ?

ಯೋನಿಯ ಆರೋಗ್ಯಕ್ಕೆ ಬೇಕು ಅಂತ ರಾಯಚೂರಿನಲ್ಲಿ ಮೆಡಿಕಲ್‌ಗೆ ಹೋಗಿ ಸುಮ್ನೆ ಪ್ರೋಬಯಾಟಿಕ್ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಕ್ಯಾಪ್ಸೂಲ್) ಕೊಡಿ ಅಂದೆ, ಭೇದಿಗೆ ಕೊಡುವುದನ್ನೇ ಕೈಗಿಟ್ಟರು. ಡಬ್ಬಿ ತಿರುಗಿಸಿ ಓದಿ. ಬರೀ ಲ್ಯಾಕ್ಟೋಬ್ಯಾಸಿಲಸ್ ಅಂತ ಬ್ಯಾಕ್ಟೀರಿಯಾ ಗುಂಪಿನ ಹೆಸರಿದ್ದರೆ ಸಾಲದು, ರಾಮ್ನೋಸಸ್ ಜಿಆರ್-1, ರೂಟೆರಿ ಆರ್‌ಸಿ-14 ಅಂತ ತಳಿಯ ಪೂರ್ತಿ ಹೆಸರಿರಬೇಕು, ಯೋನಿಯ ಆರೋಗ್ಯಕ್ಕೆ ಅಂತಲೇ ಪರೀಕ್ಷೆ ಮಾಡಿರುವ ಜೋಡಿ ಅದು.

ನುಂಗುವುದು ಸುಲಭ, ಆದರೆ ಹೊಟ್ಟೆ, ಕರುಳು ದಾಟಿ ಬರಬೇಕಲ್ವಾ, ನಿಧಾನ. ಒಳಗಿಡುವುದು ನೇರ ಜಾಗಕ್ಕೇ ಹೋಗುತ್ತದೆ, ಸ್ವಲ್ಪ ಸೋರುತ್ತದೆ, ಡಾಕ್ಟರನ್ನು ಕೇಳದೆ ಬೇಡ. ನಾನು ನುಂಗುವುದನ್ನೇ ತಗೊಂಡೆ.

ಡಬ್ಬಿ ಮೇಲೆ ಇಷ್ಟು ಕೋಟಿ ಬ್ಯಾಕ್ಟೀರಿಯಾ ಅಂತ ಬರೆದ ಲೆಕ್ಕಕ್ಕೆ ಮರುಳಾಗಬೇಡಿ. ನಮ್ಮ 40 ಡಿಗ್ರಿ ಬಿಸಿಲಲ್ಲಿ ಎಷ್ಟು ಬದುಕಿರುತ್ತವೋ! ಫ್ರಿಜ್‌ನಲ್ಲಿಡಿ ಅಂತಿದ್ದರೆ ಅಂಗಡಿಯ ಫ್ರಿಜ್‌ನಿಂದಲೇ ತೆಗೆಸಿ.

ಮೊಸರು ಊಟಕ್ಕೆ ಸರಿ, ಒಳಗೆ ಹಚ್ಚುವುದು ಬೇಡವೇ ಬೇಡ. ತುರಿಕೆ, ಮೀನಿನಂಥ ವಾಸನೆ ಇದ್ದರೆ ಮೊದಲು ತಪಾಸಣೆ, ಡಬ್ಬಿ ಆಮೇಲೆ.