ಅಡುಗೆ ಸೋಡಾನಾ, ಬೇಕಿಂಗ್ ಪೌಡರಾ? ಒಂದೇ ಹಿಟ್ಟನ್ನ ಎರಡು ಪಾಲು ಮಾಡಿ ನೋಡಿದ್ದು

ಎರಡೂ ಬಿಳಿ ಪುಡಿ, ಡಬ್ಬಿನೂ ಪಕ್ಕಪಕ್ಕ, ಅದಕ್ಕೇ ತುಂಬಾ ಜನ "ಒಂದಿಲ್ಲ ಅಂದ್ರೆ ಇನ್ನೊಂದು ಹಾಕಿ, ಏನೂ ಆಗಲ್ಲ" ಅಂತಾರೆ. ಆಗುತ್ತೆ ರೀ, ಚೆನ್ನಾಗೇ ಆಗುತ್ತೆ. ಹೋದ ತಿಂಗಳು ಕೇಕ್, ರವೆ ಇಡ್ಲಿ, ಬನ್ಸ್ ಮೂರನ್ನೂ ಒಂದೇ ಹಿಟ್ಟು ಕಲಸಿ ಎರಡು ಪಾಲು ಮಾಡಿ, ಒಂದಕ್ಕೆ ಸೋಡಾ ಇನ್ನೊಂದಕ್ಕೆ ಪೌಡರ್ ಹಾಕಿ ಮಾಡ್ದೆ, ಮೂರರಲ್ಲೂ ವ್ಯತ್ಯಾಸ ಕಣ್ಣಿಗೇ ಕಾಣ್ತು.

ಮೊದ್ಲು ಒಳಗೇನಿದೆ ಅಂತ ಹೇಳ್ಬಿಡ್ತೀನಿ. ಸೋಡಾ ಅಂದ್ರೆ ಬರೀ ಸೋಡಿಯಂ ಬೈಕಾರ್ಬೊನೇಟ್, ಅದು ಕ್ಷಾರ, ಅದಕ್ಕೆ ಮೊಸರೋ ಮಜ್ಜಿಗೆಯೋ ನಿಂಬೆರಸವೋ ಒಟ್ನಲ್ಲಿ ಹುಳಿ ಸಿಗ್ಬೇಕು, ಸಿಕ್ಕಿದ ತಕ್ಷಣ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನ ಉಬ್ಬಿಸುತ್ತೆ. ಬೇಕಿಂಗ್ ಪೌಡರ್ ಒಳಗೆ ಇದೇ ಸೋಡಾ ಇದೆ, ಜೊತೆಗೆ ಅದಕ್ಕೆ ಬೇಕಾದ ಹುಳಿನ ಒಣಗಿದ ಉಪ್ಪಿನ ರೂಪದಲ್ಲಿ ಸೇರಿಸಿರ್ತಾರೆ, ಇವೆರಡೂ ಡಬ್ಬಿಲೇ ಜಗಳ ಶುರು ಮಾಡ್ಬಾರದು ಅಂತ ತೇವ ಹೀರೋಕೆ ಕಾರ್ನ್ ಫ್ಲೋರ್ ಥರದ ಪಿಷ್ಟ. ಪ್ಯಾಕೆಟ್ ಹಿಂದೆ ನೋಡಿ, 500 ಅನ್ನೋ ನಂಬರ್ ಸೋಡಾದು, 341, 450, 541 ಇವೆಲ್ಲ ಹುಳಿ ಕಡೆಯವು. 1843ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಆಲ್‌ಫ್ರೆಡ್ ಬರ್ಡ್ ಅನ್ನೋ ಕೆಮಿಸ್ಟ್ ಇಂಥ ಪುಡಿ ಮಾಡಿದ್ದು ಹೆಂಡತಿಗೆ ಯೀಸ್ಟ್ ಆಗ್ತಿರ್ಲಿಲ್ಲ ಅಂತ. ಹುಳಿ, ಪಿಷ್ಟ ಎಲ್ಲ ಸೇರಿರೋದ್ರಿಂದ ಪೌಡರ್‌ಗೆ ಶಕ್ತಿ ಕಮ್ಮಿ, ಕಾಲು ಟೀ ಚಮಚ ಸೋಡಾ ಮಾಡೋ ಕೆಲಸಕ್ಕೆ ಹೆಚ್ಚುಕಮ್ಮಿ ಒಂದು ಟೀ ಚಮಚ ಪೌಡರ್ ಬೇಕು. ನಾನು ಅಳತೆ ಹಿಡಿದಿದ್ದೂ ಹಾಗೇ.

ಕೇಕಿಂದ ಶುರು ಮಾಡ್ದೆ. ಮೈದಾ, ಸಕ್ಕರೆ, ಎಣ್ಣೆ, ಹಾಲು ಅಷ್ಟೇ, ಮೊಸರು ಬೇಕಂತಲೇ ಹಾಕ್ಲಿಲ್ಲ. ಒಂದು ಕಪ್ ಮೈದಾಗೆ ಕಾಲು ಚಮಚ ಸೋಡಾ ಹಾಕಿದ್ದು ಪೌಡರ್ ಹಾಕಿದ್ದರ ಅರ್ಧ ಎತ್ತರಕ್ಕೆ ನಿಂತೋಯ್ತು. ಕಾರಣ ಇದೆ, ಹುಳಿ ಸಿಗ್ಲಿಲ್ಲ ಅಂದ್ರೆ ಸೋಡಾ ಬರೀ ಬಿಸಿಗೆ ಒಡೀಬೇಕು, ಹಾಗೆ ಒಡೆದಾಗ ಗಾಳಿ ಬರೋದು ಅರ್ಧ ಮಾತ್ರ. ಕಾಲು ಚಮಚ ಅಂದ್ರೆ ಒಂದೂಕಾಲು ಗ್ರಾಂ ಹತ್ತಿರ, ಹುಳಿ ಸಾಕಷ್ಟಿದ್ರೆ ಅದರಿಂದ ಸುಮಾರು 350 ಮಿಲಿ ಗಾಳಿ ಬರ್ಬೇಕು, ಇಲ್ಲಿ ಸಿಕ್ಕಿದ್ದು ಅದರಲ್ಲಿ ಅರ್ಧ. ಸರಿ ಅಂತ ಇನ್ನೊಂದ್ಸಲ ಸೋಡಾನ ಅರ್ಧ ಚಮಚ ಮಾಡ್ದೆ, ಉಬ್ಬೋದೇನೋ ಉಬ್ತು, ಆದ್ರೆ ಕುಯ್ದಾಗ ಒಳಗೆಲ್ಲ ಹಳದಿ, ಮೇಲೆ ಕಪ್ಪು, ಬಾಯಿಗೆ ಹಾಕಿದ್ರೆ ನಾಲಿಗೆ ಮೇಲೆ ಸೋಪಿನ ಒಗರು. ಬಿಸಿಗೆ ಒಡೆದ ಸೋಡಾ ಸೋಡಿಯಂ ಕಾರ್ಬೊನೇಟ್ ಆಗಿ ಹಿಟ್ಟಲ್ಲೇ ಉಳಿಯುತ್ತೆ, ಅದು ಬಟ್ಟೆ ಒಗೆಯೋ ವಾಷಿಂಗ್ ಸೋಡಾನೇ, ರುಚಿ ಬೇರೆ ಹೇಗಿರೋಕೆ ಸಾಧ್ಯ.

ಪೌಡರ್ ಹಾಕಿದ್ದು ಬಿಳಿ, ಮೆತ್ತಗೆ, ಯಾವ ವಾಸನೆನೂ ಇಲ್ಲ. ನಮ್ಮ ಓವನ್ ಚಿಕ್ಕದು, ಎರಡನೇ ಟಿನ್ ಅರ್ಧ ಗಂಟೆ ಹೊರಗೇ ಕಾದಿತ್ತು, ಅದೂ ಬಹುತೇಕ ಅಷ್ಟೇ ಎತ್ತರ ಬಂತು. ಈಗಿನ ಪೌಡರ್‌ಗಳು ಹೆಚ್ಚಿನವು ಎರಡು ಸಲ ಕೆಲಸ ಮಾಡ್ತವೆ, ಹಾಲು ಬಿದ್ದಾಗ ಸ್ವಲ್ಪ, ಬಿಸಿ ತಾಗಿದಾಗ ಉಳಿದಿದ್ದು. ಹುಳಿ ಇಲ್ಲದ ಕೇಕ್‌ಗೆ ಪೌಡರೇ, ನನಗೆ ಇದರಲ್ಲಿ ಅನುಮಾನವೇ ಇಲ್ಲ.

ರವೆ ಇಡ್ಲಿಲಿ ಮಾತ್ರ ಕಥೆ ತಿರುಗಿಬಿಡ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗ್ದೆ ಎಂಟಿಆರ್‌ನೋರು ರವೇಲಿ ಮಾಡಿ ನೋಡಿದ ತಿಂಡಿ ಇದು ಅಂತಾರಲ್ಲ, ಇದರಲ್ಲಿ ಉದ್ದಿಲ್ಲ, ರಾತ್ರಿಯೆಲ್ಲ ಹುದುಗಿಸೋದಿಲ್ಲ, ಉಬ್ಬೋ ಪೂರ್ತಿ ಭಾರ ಸೋಡಾ ಮೇಲೇ. ಒಂದು ಕಪ್ ರವೆ, ಒಂದು ಕಪ್ ಹುಳಿ ಮೊಸರು. ಸೋಡಾ ಬಿದ್ದ ಕೂಡ್ಲೇ ಹಿಟ್ಟು ಚುರ್ ಅಂತ ನೊರೆ ಬಂದು ಸೌಟಿಗೆ ಹಗುರ ಆಯ್ತು, ಇಡ್ಲಿ ಸ್ಪಂಜ್ ಥರ, ಮೊಸರಿನ ಹುಳಿನೂ ಹದಕ್ಕೆ ಇಳಿದಿತ್ತು. ಪೌಡರ್ ಹಾಕಿದ್ದು ಗಟ್ಟಿ ಅನ್ನೋಷ್ಟಲ್ಲ, ಆದ್ರೂ ಒತ್ತೊತ್ತಾಗಿತ್ತು, ಹುಳಿ ಹಾಗೇ ಉಳಿದಿತ್ತು, ಯಾಕಂದ್ರೆ ಪೌಡರ್ ತನ್ನ ಹುಳಿನ ತಾನೇ ತಂದಿರುತ್ತೆ, ಮೊಸರಿನ ಹುಳಿ ಮುರಿಯೋಕೆ ಅದರಲ್ಲಿ ಹೆಚ್ಚುವರಿ ಸೋಡಾ ಇರಲ್ಲ.

ಎರಡನೇ ಒಬ್ಬೆ ಇಡೋ ಹೊತ್ತಿಗೆ ಸೋಡಾ ಹಿಟ್ಟು ಪೂರಾ ಇಳಿದುಹೋಗಿತ್ತು. ಪೌಡರ್ ಆದ್ರೂ ಕೇಕ್‌ನಲ್ಲಿ ಕಾದಂಗೆ ಕಾಯುತ್ತೆ ಅಂದ್ಕೊಂಡಿದ್ದೆ, ಅದೂ ಚಪ್ಪಟೆ! ಯೋಚನೆ ಮಾಡಿದ್ರೆ ಸರಿಯಾಗೇ ಇದೆ, ಬಿಸಿಗೆ ಅಂತ ಕಾದು ಕೂತಿದ್ದ ಸೋಡಾನೂ ಮೊಸರು ತಣ್ಣಗಿದ್ದಾಗಲೇ ಹಿಡ್ಕೊಂಡ್ಬಿಡುತ್ತೆ. ಅಲ್ಲಿಂದ ಹಿಟ್ಟನ್ನ ಮೊದ್ಲೇ ಬೇರೆ ಬೇರೆ ಪಾತ್ರೆಗೆ ಹಾಕಿಟ್ಟು, ನೀರು ಕುದಿ ಬಂದ್ಮೇಲೆ ಆ ಒಬ್ಬೆಗಷ್ಟೇ ಸೋಡಾ ಬೆರೆಸಿ ತಟ್ಟೆಗೆ ಹುಯ್ತೀನಿ. ಈನೋ ಹಾಕೋರಿಗೂ ಇದೇ, ಅದು ಸೋಡಾ ಮತ್ತೆ ಸಿಟ್ರಿಕ್ ಆಸಿಡ್, ನೀರು ಕಂಡ್ರೆ ಅಲ್ಲೇ ಮುಗೀತು.

ಇನ್ನೊಂದು, ನಾನು ಒಗ್ಗರಣೆಗೆ ಅರಿಶಿನ ಹಾಕ್ತೀನಿ, ಒಂದಿನ ಸೋಡಾ ಸರಿಯಾಗಿ ಕದಡಿರ್ಲಿಲ್ಲ, ಮುಚ್ಚಳ ತೆಗೆದ್ರೆ ಹಳದಿ ಇಡ್ಲಿ ಮೇಲೆಲ್ಲ ಕಡುಗೆಂಪು ಚುಕ್ಕೆ, ಸಾಸಿವೆ ಕಾಳಷ್ಟಷ್ಟು. ಆರತಿ ತಟ್ಟೆಲಿ ಅರಿಶಿನದ ನೀರಿಗೆ ಚೂರು ಸುಣ್ಣ ಬಿಟ್ರೆ ಕೆಂಪಾಗುತ್ತಲ್ಲ, ಅದೇ. ಅರಿಶಿನ ಕ್ಷಾರ ಕಂಡ್ರೆ ಕೆಂಪಾಗುತ್ತೆ, ಅಂದ್ರೆ ಆ ಜಾಗದಲ್ಲಿ ಸೋಡಾಗೆ ಹುಳಿ ಸಿಕ್ಕಿಲ್ಲ ಅಂತ ಇಡ್ಲಿನೇ ಹೇಳ್ತಿದೆ. ಈಗ ಸೋಡಾನ ಜರಡಿ ಹಿಡಿದೇ ಹಾಕೋದು.

ಬನ್ಸ್ ವಿಷಯಕ್ಕೆ ಅತ್ತೆ (ಉಡುಪಿ ಕಡೆಯವ್ರು) ಮೊದ್ಲೇ ಹೇಳಿದ್ರು, "ಬನ್ಸಿಗೆ ಸೋಡವೇ ಮಾರಾಯ್ತಿ, ಪೌಡರ್ ಎಲ್ಲ ಎಂತಕ್ಕೆ?" ಅಂತ. ಅವ್ರ ಮಾತೇ ನಿಜ ಆಯ್ತು. ಬಾಳೆಹಣ್ಣು ಮೊಸರು ಮೈದಾ ಕಲಸಿ ರಾತ್ರಿ ಇಟ್ಟು ಬೆಳಿಗ್ಗೆ ಕರಿದಾಗ ಸೋಡಾದ್ದು ಆ ಕೆಂಪು ಕಂದು ಬಣ್ಣಕ್ಕೆ ಬಂತು, ಪೌಡರ್‌ದು ಉಬ್ಬಿದ್ರೂ ಪೇಲವ. ಹಿಟ್ಟು ಕ್ಷಾರದ ಕಡೆ ಇದ್ದಷ್ಟೂ ಸಕ್ಕರೆ ಮತ್ತೆ ಹಿಟ್ಟಿನ ಪ್ರೊಟೀನ್ ಸೇರಿ ಬೇಗ ಕಂದಾಗುತ್ತೆ, ಬನ್ಸ್‌ಗೆ ಆ ಬಣ್ಣ ಆ ಘಮ ಎರಡೂ ಅಲ್ಲಿಂದಲೇ. ಮೊಸರು ಹಾಕಿದ ಕೇಕ್‌ಗೆ ಎರಡೂ ಬರೆದಿರೋ ರೆಸಿಪಿ ನೋಡಿರ್ತೀರಿ, ಅದು ತಪ್ಪಲ್ಲ, ಸೋಡಾ ಮೊಸರಿನ ಹುಳಿ ನೋಡ್ಕೊಳ್ಳುತ್ತೆ, ಸಾಲದ ಉಬ್ಬನ್ನ ಪೌಡರ್ ಕೊಡುತ್ತೆ.

ಹೋಲಿಸೋಕೆ ಮುಂಚೆ ಪುಡಿ ಜೀವಂತ ಇದೆಯಾ ನೋಡ್ಕೊಳ್ಳಿ. ಸೋಡಾ ಮೇಲೆ ನಾಲ್ಕು ಹನಿ ನಿಂಬೆರಸ, ಪೌಡರ್‌ಗೆ ಬಿಸಿನೀರು. ನಾನು ಮೊದ್ಲು ತಂದ ಪೌಡರ್ ಬಿಸಿನೀರಲ್ಲಿ ಸುಣ್ಣದ ತಿಳಿ ಥರ ಸುಮ್ಮನೆ ಕೂತ್ಕೊಂಡ್ತು, ಒಂದು ಗುಳ್ಳೆ ಇಲ್ಲ, ಅಂಗಡಿಲಿ ತೇವ ತಿಂದು ಹುಳಿನೂ ಸೋಡಾನೂ ಒಳಗೊಳಗೇ ಮುಗಿದಿತ್ತು. ಅದನ್ನ ಎಸೆದು ಹೊಸದು ತಂದೆ, ಅದು ಬುಸ್ ಅಂತ ಲೋಟದ ಅಂಚಿಗೆ ಬಂತು, ಮೇಲೆ ಹೇಳಿದ್ದೆಲ್ಲ ಆ ಎರಡನೇ ಡಬ್ಬಿಲಿ ಮಾಡಿದ್ದು.