ಚಳ್ಳಕೆರೆಯ ಕೈಮಗ್ಗದ ಕರಿ ಕಂಬಳಿ: ಕೊಳ್ಳುವ ಮುನ್ನ ಗಂಜಿ ನೋಡಿ

ಚಿತ್ರದುರ್ಗ, ದಾವಣಗೆರೆ ಕಡೆ ಒಳ್ಳೆ ಕಂಬಳಿ ಬೇಕೆಂದರೆ ಚಳ್ಳಕೆರೆಯದ್ದೇ ಕೇಳಬೇಕು. ನೆಲಕ್ಕೆ ಹಾಸಲು, ರಾತ್ರಿ ಹೊಲ ಕಾಯಲು, ಮಳೆಗೆ ಕೊಪ್ಪೆ ಹಾಕಿಕೊಳ್ಳಲು ಇದಕ್ಕೆ ಸಾಟಿಯಿಲ್ಲ. ಮೆತ್ತನೆಯ ಹೊದಿಕೆ ಹುಡುಕುವವರು ಮಾತ್ರ ಕೊಳ್ಳಬೇಡಿ, ಬರಿಮೈಗೆ ಚುಚ್ಚುತ್ತದೆ. ನಮ್ಮ ಸೀಮೆಯ ಕುರಿಯ ತುಪ್ಪಟವೇ ಒರಟು, ಅದಕ್ಕೆ ನೇಕಾರರನ್ನು ದೂರಿ ಫಲವಿಲ್ಲ. ಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆಯದ್ದಾದರೆ ಮೃದು, ಬೆಲೆಯೂ ಹೆಚ್ಚು.

ಕಂಬಳಿಯ ಗುಣವೆಲ್ಲ ಹುಣಸೆ ಬೀಜದ ಗಂಜಿಯಲ್ಲಿದೆ. ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ ಅರೆದು, ನೀರಲ್ಲಿ ಚೆನ್ನಾಗಿ ಕುದಿಸುತ್ತಾರೆ. ಹಾಸಿನ ನೂಲನ್ನು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಹೋಗುವ ಎಳೆಗಳನ್ನು, ಬಯಲಲ್ಲಿ ಬಿಗಿಯಾಗಿ ಎಳೆದು ಕಟ್ಟಿ, ಗಂಜಿಯನ್ನು ಕುಂಚದಿಂದ ಉದ್ದಕ್ಕೂ ಸವರಿ ಬಿಸಿಲಿಗೆ ಒಣಗಿಸುತ್ತಾರೆ. ಗಂಜಿ ತೆಳ್ಳಗಾದರೆ ನೂಲಿನ ಜುಂಗು ಎದ್ದು, ಮಗ್ಗದ ಹಣಿಗೆಗೆ ಉಜ್ಜಿ ಎಳೆ ಹರಿಯುತ್ತದೆ. ದಪ್ಪಗಾದರೆ ಎಳೆಗೆ ಎಳೆ ಅಂಟಿ, ಕಂಬಳಿ ಮಡಿಸಿದಾಗ ಪುಡಿಯಾಗಿ ಉದುರುತ್ತದೆ. ಮೋಡ ಕವಿದ ದಿನ ಸವರಿದ್ದು ಒಳಗೊಳಗೇ ಹಸಿ ಉಳಿದು ಬೂಸು ಹಿಡಿಯುತ್ತದೆ. ಅಂಥದ್ದು ಮೂಗಿಗೆ ಹಿಡಿದರೆ ಹುಳಿ ನಾತ.

ಉಣ್ಣೆ ಬಟ್ಟೆಗೆ ನೀರು ತಡೆಯುವ ಶಕ್ತಿ ಕೊಡಲು ಒಂದೊಂದು ನಾಡಿಗೆ ಒಂದೊಂದು ದಾರಿ. ಹಿಂದೆ ಐರ್ಲೆಂಡಿನ ಹಳ್ಳಿಗಳಲ್ಲಿ ಹೆಂಗಸರು ಮನೆಯಲ್ಲೇ ಉಣ್ಣೆ ನೂಲುತ್ತಿದ್ದರು. ಅದನ್ನು ಊರ ನೇಕಾರ ನೇಯ್ದ ಮೇಲೆ ತೋಯಿಸಿ ಕುಟ್ಟಿ, ತುಳಿದು, ಎಳೆ ಕಾಣದಷ್ಟು ಕುಗ್ಗಿಸಿ ಗಟ್ಟಿ ಮಾಡುತ್ತಿದ್ದರು. ಜಿಡ್ಡು ತೆಗೆಯಲು ಹಳಸಿದ ಮೂತ್ರವನ್ನೂ ಬಳಸುತ್ತಿದ್ದರು. ಆ ಬಿಗಿ ತೊಳೆದರೂ ಹೋಗದು. ನಮ್ಮದು ಗಂಜಿಯ ಬಿಗಿ, ಒಗೆದಂತೆಲ್ಲ ಕಡಿಮೆಯಾಗುತ್ತದೆ. ಹಾಗಾಗಿ ಮಳೆಗೆ ಬಳಸುವ ಕಂಬಳಿಯನ್ನು ಒಗೆಯದೆ ಕೊಡವಿ ಬಿಸಿಲಿಗೆ ಹಾಕುವುದೇ ಸರಿ. ಹಾಸಲು, ಹೊದೆಯಲು ಬಳಸುವುದಾದರೆ ಎರಡು ಮೂರು ಸಲ ಒಗೆದಷ್ಟೂ ಹಿತ.

ಅಂಗಡಿಯಲ್ಲಿ ನೋಡಬೇಕಾದ್ದು ಇಷ್ಟು. ಕಂಬಳಿಯ ಮೇಲೆ ನಾಲ್ಕು ಹನಿ ನೀರು ಬಿಡಿ: ಮಣಿಯಂತೆ ನಿಂತರೆ ಒಳ್ಳೆಯದು, ತಕ್ಷಣ ಇಂಗಿದರೆ ಗಂಜಿ ಸಾಲದು. ಕುಚ್ಚಿನಿಂದ ಹಾಸಿನದೊಂದು, ಅದರ ಪಕ್ಕದ ಅಂಚಿನಿಂದ ಹೊಕ್ಕಿನ (ಅಡ್ಡಕ್ಕೆ ನೇಯ್ದ) ಒಂದು ಎಳೆ ಕಿತ್ತು ನೋಡಿ. ಕೈಯಲ್ಲಿ ನೂತದ್ದು ಒಂದೆಡೆ ದಪ್ಪ, ಒಂದೆಡೆ ಸಣ್ಣ. ಪೂರ್ತಿ ಒಂದೇ ಸಮನಿದ್ದರೆ ಗಿರಣಿ ನೂಲು. ಹೊಕ್ಕು ಉಣ್ಣೆಯದಿದ್ದು ಹಾಸು ಮಾತ್ರ ಬೇರೆಯದ್ದಿರುವ ಕಂಬಳಿಯನ್ನೂ ಅದೇ ಬೆಲೆಗೆ ಮಾರುವುದುಂಟು, ಆದ್ದರಿಂದ ಕಿತ್ತ ಎರಡೂ ಎಳೆಗಳನ್ನು ಸುಟ್ಟು ನೋಡಬೇಕು. ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲೇ ಪುಡಿಯಾಗುತ್ತದೆ. ಅಕ್ರಿಲಿಕ್ ಎಂಬ ಕೃತಕ ನೂಲು ಕರಗಿ ಗಟ್ಟಿ ಗುಂಡಾಗುತ್ತದೆ. ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿದಾಗ ಕಪ್ಪು ಹತ್ತಿದರೆ ಬಣ್ಣ ಹಾಕಿದ್ದು. ಕುರಿಯ ಸ್ವಂತ ಕಪ್ಪು ಬಿಸಿಲಲ್ಲಿ ಕೊಂಚ ಕಂದಾಗಿ ಕಾಣುತ್ತದೆ, ಅದು ದೋಷವಲ್ಲ.

ಒಗೆಯುವುದಿದ್ದರೆ ತಣ್ಣೀರು, ಅಂಟುವಾಳ ಸಾಕು. ಬಿಸಿನೀರಲ್ಲಿ ಹಾಕಿ ಕುಕ್ಕಿದರೆ, ಮೆಷಿನ್‌ಗೆ ತುರುಕಿದರೆ ಕುಗ್ಗಿ ದಡ್ಡುಗಟ್ಟುತ್ತದೆ. ಹಿಂಡದೆ, ನೇತು ಹಾಕದೆ ನೆರಳಲ್ಲಿ ಹರವಿ. ಗಂಜಿಯಿರುವುದರಿಂದ ಇಲಿ, ಜಿರಲೆ ಬರುತ್ತವೆ, ಉಣ್ಣೆಗೆ ನುಸಿ ಹಿಡಿಯುತ್ತದೆ. ಪೂರ್ತಿ ಒಣಗಿಸಿ ಬೇವಿನೆಲೆಯೊಂದಿಗೆ ಟ್ರಂಕಿನಲ್ಲಿಡಿ, ತಿಂಗಳಿಗೊಮ್ಮೆ ಬಿಸಿಲು ತೋರಿಸಿ.

ಮಳೆಗಾಲ ಹತ್ತಿರವಾದಾಗ ಅವಸರಕ್ಕೆ ಕೊಳ್ಳುವುದಕ್ಕಿಂತ, ಬೇಸಿಗೆಯಲ್ಲಿ ನೇಯ್ದದ್ದನ್ನೇ ಕೇಳಿ ತನ್ನಿ. ಆಗಿನ ಬಿಸಿಲಿಗೆ ಗಂಜಿ ಪೂರ್ತಿ ಒಣಗಿರುತ್ತದೆ.