ಶಿಕಾಗೊ ಚಳಿಗಾಲದಲ್ಲಿ ಮೆಟ್ರಾ ರೈಲು: ಸ್ನೋ ಬಿದ್ದ ದಿನ ಹೋಗಿ, ಬಿಸಿಲಿದ್ದ ದಿನ ಮನೆಯಲ್ಲಿರಿ

ನೇಪರ್‌ವಿಲ್, ಅರೋರಾ ಕಡೆ ಮನೆ ಮಾಡಿಕೊಂಡು ಶಿಕಾಗೊ ಡೌನ್‌ಟೌನ್‌ನಲ್ಲಿ ಕೆಲಸ ಮಾಡುವವರಿಗೆ ಡಿಸೆಂಬರ್ ಬಂತೆಂದರೆ ದಿನಾ ರಾತ್ರಿ ಒಂದೇ ತಲೆಬಿಸಿ. ನಾಳೆ ಆಫೀಸಿಗೆ ಹೋಗುವುದಾ, ಮನೆಯಿಂದಲೇ ಲಾಗಿನ್ ಆಗುವುದಾ? ವಾರಕ್ಕೆ ಮೂರು ದಿನ ಬನ್ನಿ ಅನ್ನುವ ಕಂಪನಿಗಳು ಜಾಸ್ತಿಯಾದ ಮೇಲೆ ಇದು ಇನ್ನೂ ಗೋಜಲಾಗಿದೆ, ಯಾಕೆಂದರೆ ಯಾವ ಮೂರು ದಿನ ಅಂತ ಆರಿಸುವುದು ನಮಗೇ ಬಿಟ್ಟಿದ್ದು. ಕೆಲವರಿಗೆ ಆ ಭಾಗ್ಯವೂ ಇಲ್ಲ, ಪಾಪ. ಹೊಸದಾಗಿ ಬಂದ ನಮ್ಮ ಕಡೆಯವರು ಇದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಅದಕ್ಕೇ ಶಿಕಾಗೊದ ಉಪನಗರ ರೈಲು ಮೆಟ್ರಾ, ಅದರಲ್ಲೂ ನಮ್ಮ ಕಡೆ ಅರೋರಾದಿಂದ ಡೌನ್‌ಟೌನ್‌ಗೆ ಓಡುವ ಬಿಎನ್‌ಎಸ್‌ಎಫ್ ಮಾರ್ಗ, ಚಳಿಗಾಲದಲ್ಲಿ ಹೇಗಿರುತ್ತದೆ ಅಂತ ಒಂದು ಸಲ ಪೂರ್ತಿ ಬರೆದುಬಿಡೋಣ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ, ರೈಲು ಚೆನ್ನಾಗಿದೆ. 5ಕ್ಕೆ 4 ಕೊಡುತ್ತೇನೆ. ಆದರೆ ಅದು ಸ್ನೋ ದಿನಕ್ಕೆ ಕೊಟ್ಟ ಅಂಕ, ಚಳಿ ದಿನಕ್ಕಲ್ಲ. ಇವೆರಡೂ ಬೇರೆ ಬೇರೆ ಅನ್ನುವುದು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ನೇರವಾಗಿ ಬಂದಿಳಿದವರಿಗೆ ಗೊತ್ತಿರುವುದಿಲ್ಲ. ಕಿಟಕಿಯಾಚೆ ಬೆಳ್ಳಗೆ ಬೀಳುವುದು ಕಂಡರೆ ಮನೆಯಲ್ಲೇ ಕೂರುತ್ತಾರೆ, ಆಕಾಶ ನೀಲಿಯಾಗಿ ಬಿಸಿಲು ಬಿದ್ದಿದ್ದರೆ ಜಾಕೆಟ್ ಏರಿಸಿಕೊಂಡು ಹೊರಟುಬಿಡುತ್ತಾರೆ. ಇಲ್ಲಿ ಲೆಕ್ಕವೇ ಉಲ್ಟಾ. ಸ್ನೋ ಬೀಳುವಾಗ ಮೋಡ ಕವಿದಿರುತ್ತದೆ, ಮೋಡ ಇದ್ದರೆ ನೆಲದ ಶಾಖ ಮೇಲಕ್ಕೆ ಓಡಿಹೋಗದೆ ಒಂದಿಷ್ಟು ಉಳಿಯುತ್ತದೆ, ಹಾಗಾಗಿ ಹೆಚ್ಚಿನ ಸ್ನೋ ದಿನಗಳಲ್ಲಿ 20ರಿಂದ 30 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 7ರಿಂದ ಮೈನಸ್ 1 ಸೆಲ್ಸಿಯಸ್ ಇರುತ್ತದೆ. ಇದು ಇಲ್ಲಿಯವರ ಪಾಲಿಗೆ ಚಳಿಯೇ ಅಲ್ಲ. ಸ್ನೋ ನಿಂತು, ಕೆನಡಾ ಕಡೆಯಿಂದ ಗಾಳಿ ಇಳಿದು, ಆಕಾಶ ತೊಳೆದಿಟ್ಟ ಹಾಗಾದ ಮೇಲೆ ಬರುತ್ತದೆ ನೋಡಿ, ಅದು ಚಳಿ.

ಸ್ನೋ ದಿನದ ಕಥೆ ಮೊದಲು. ನೇಪರ್‌ವಿಲ್‌ನಿಂದ ಡೌನ್‌ಟೌನ್‌ನ ಯೂನಿಯನ್ ಸ್ಟೇಷನ್‌ಗೆ ಸುಮಾರು 28 ಮೈಲಿ. ಎಕ್ಸ್‌ಪ್ರೆಸ್ ಸಿಕ್ಕಿದರೆ ಮುಕ್ಕಾಲು ಗಂಟೆಯೊಳಗೆ ಇಳಿಯುತ್ತೀರಿ, ಎಲ್ಲ ಕಡೆ ನಿಲ್ಲುವ ಗಾಡಿಯಾದರೆ ಗಂಟೆ ದಾಟುತ್ತದೆ. ಡೀಸೆಲ್ ಎಂಜಿನ್, ಎರಡು ಅಂತಸ್ತಿನ ಭಾರೀ ಬೋಗಿಗಳು, ಅರೋರಾದಿಂದ ಶಿಕಾಗೊವರೆಗೂ ಮೂರು ಹಳಿ. ನಾಲ್ಕೈದು ಇಂಚು ಸ್ನೋ ಈ ಗಾಡಿಗೆ ಲೆಕ್ಕಕ್ಕೇ ಇಲ್ಲ. ಅದೇ ಹೊತ್ತಿಗೆ ಪಕ್ಕದ ಹೆದ್ದಾರಿಯಲ್ಲಿ ಕಾರುಗಳು ಒಂದರ ಹಿಂದೆ ಒಂದು ತೆವಳುತ್ತಿರುತ್ತವೆ. ಮೇಲಿನ ಅಂತಸ್ತಿನಲ್ಲಿ ಒಬ್ಬೊಬ್ಬರೇ ಕೂರುವ ಸೀಟುಗಳಿವೆ, ಅದು ನನ್ನ ಇಷ್ಟದ ಜಾಗ. ಪಕ್ಕದಲ್ಲಿ ಯಾರೂ ಒದ್ದೆ ಕೋಟು ತಾಗಿಸುವುದಿಲ್ಲ. ಕೆಳಗಾದರೆ ಪ್ರತಿ ಸ್ಟೇಷನ್‌ನಲ್ಲೂ ಬಾಗಿಲು ತೆರೆದಾಗ ಒಂದು ಬೀಸು ಗಾಳಿ ಒಳಗೆ ನುಗ್ಗುತ್ತದೆ, ಬಾಗಿಲ ಹತ್ತಿರದ ಸೀಟು ಮಾತ್ರ ಬೇಡ. ಇನ್ನೊಂದು ಮಾತು, ರಶ್ ಅವರ್ ಗಾಡಿಗಳಲ್ಲಿ ಕ್ವೈಟ್ ಕಾರ್ ಅಂತ ಇರುತ್ತದೆ, ಅಲ್ಲಿ ಫೋನ್ ಎತ್ತುವ ಹಾಗಿಲ್ಲ. ಬೆಳಗಿನ ಸ್ಟ್ಯಾಂಡಪ್ ಮೀಟಿಂಗ್ ರೈಲಿನಲ್ಲೇ ಮುಗಿಸುತ್ತೇನೆ ಅನ್ನುವವರು ಬೋರ್ಡು ನೋಡಿಕೊಂಡು ಹತ್ತಿ.

ಪ್ರತಿ ಚಳಿಗಾಲದಲ್ಲೂ ಒಂದು ವಿಡಿಯೋ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ಶಿಕಾಗೊ ರೈಲು ಹಳಿಗೆ ಬೆಂಕಿ! ನಮ್ಮ ಚಿಕ್ಕಮ್ಮ ದಾವಣಗೆರೆಯಿಂದ ಅದನ್ನೇ ಕಳಿಸಿ, 'ನಿಮ್ಮೂರಲ್ಲಿ ಹಳಿಗೇ ಬೆಂಕಿ ಹತ್ತಿದೆಯಂತೆ, ನೀನು ಸುಮ್ನೆ ಮನೇಲಿರು' ಅಂದಿದ್ದರು. ಹತ್ತಿದ್ದಲ್ಲ ಚಿಕ್ಕಮ್ಮ, ಅವರೇ ಹಚ್ಚಿದ್ದು. ಗಾಡಿ ಒಂದು ಹಳಿಯಿಂದ ಇನ್ನೊಂದಕ್ಕೆ ಹೊರಳುವ ಜಾಗದಲ್ಲಿ ಹಳಿ ಅತ್ತಿತ್ತ ಸರಿಯಬೇಕು. ಆ ಸಂದಿಯಲ್ಲಿ ಸ್ನೋ ತುಂಬಿ ಗಟ್ಟಿಯಾದರೆ ಸರಿಯುವುದಿಲ್ಲ, ಗಾಡಿಗಳೆಲ್ಲ ಸಾಲಾಗಿ ನಿಲ್ಲುತ್ತವೆ. ಅದಕ್ಕೆ ಹಳಿಯ ಪಕ್ಕದಲ್ಲೇ ಗ್ಯಾಸ್ ಪೈಪು ಎಳೆದು ಬರ್ನರ್ ಉರಿಸುತ್ತಾರೆ. ಉರಿಯುವುದು ಗ್ಯಾಸು, ಹಳಿಯಲ್ಲ. ಕೆಲವು ಕಡೆ ಬೆಂಕಿಯ ಬದಲು ಬಿಸಿಗಾಳಿ ಊದುವ ಯಂತ್ರ ಇದೆ, ಅದರ ವಿಡಿಯೋ ಯಾರೂ ಕಳಿಸುವುದಿಲ್ಲ ಬಿಡಿ.

ಈಗ ಚಳಿ ದಿನ. ಉಕ್ಕು ಚಳಿಗೆ ಕುಗ್ಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದು ಇಲ್ಲಿ ಕಣ್ಣೆದುರೇ ನಡೆಯುತ್ತದೆ. ಸೊನ್ನೆ ಫ್ಯಾರನ್‌ಹೀಟ್‌ಗಿಂತ ಕೆಳಗೆ, ಅಂದರೆ ಮೈನಸ್ 18 ಸೆಲ್ಸಿಯಸ್‌ಗಿಂತ ಕೆಳಗೆ ಹೋದ ಹಾಗೆಲ್ಲ ಹಳಿ ಕುಗ್ಗಿ ಬೆಸುಗೆಯಲ್ಲೋ ಜೋಡಣೆಯಲ್ಲೋ ಬಿಟ್ಟುಕೊಳ್ಳುತ್ತದೆ. ಬಿಟ್ಟುಕೊಂಡ ಕಡೆ ಕೆಲಸಗಾರರು ಹೋಗಿ ಹಳಿ ಕಾಯಿಸಿ, ಹಿಗ್ಗಿಸಿ, ಮತ್ತೆ ಕೂಡಿಸುತ್ತಾರೆ. ನಾವು ಒಳಗೆ ಕಾಫಿ ಹಿಡಿದು ಗೊಣಗುವಾಗ ಹೊರಗೆ ಆ ಚಳಿಯಲ್ಲಿ ಮನುಷ್ಯರು ನಿಂತು ಮಾಡುವ ಕೆಲಸ ಅದು. 2019ರ ಜನವರಿ 30ರಂದು ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್ ಇತ್ತು, ಸುಮಾರು ಮೈನಸ್ 31 ಸೆಲ್ಸಿಯಸ್. ಅವತ್ತು ದೂರದೂರಿನ ರೈಲು ಓಡಿಸುವ ಆಮ್‌ಟ್ರ್ಯಾಕ್ ಶಿಕಾಗೊಗೆ ಬರುವ ಹೋಗುವ ಗಾಡಿಗಳನ್ನೆಲ್ಲ ರದ್ದು ಮಾಡಿತು, ಮೆಟ್ರಾದ್ದೇ ಇನ್ನೊಂದು ಮಾರ್ಗ, ವಿದ್ಯುತ್ತಿನಲ್ಲಿ ಓಡುವ ಮೆಟ್ರಾ ಎಲೆಕ್ಟ್ರಿಕ್‌ನಲ್ಲಿ ತಂತಿಗಳು ಚಳಿಗೆ ಕೈಕೊಟ್ಟು ಓಡಾಟ ನಿಂತಿತು, ಕೊನೆಗೆ ಅಂಚೆ ಇಲಾಖೆಯವರೂ ಪತ್ರ ಹಂಚುವುದಿಲ್ಲ ಅಂದರು. ಅಂಥಾ ದಿನ ಬಿಸಿಲು ಹೊಳೆಯುತ್ತಿರುತ್ತದೆ. ಮೋಸ ಹೋಗಬೇಡಿ.

ಗಾಳಿ ಬೇರೆ. ಥರ್ಮಾಮೀಟರಿನಲ್ಲಿ ಸೊನ್ನೆ ಫ್ಯಾರನ್‌ಹೀಟ್ ಇದ್ದು ಗಂಟೆಗೆ 15 ಮೈಲಿ ಗಾಳಿ ಬೀಸಿದರೆ ಮೈಗೆ ತಾಗುವುದು ಮೈನಸ್ 19. ತೆರೆದ ಚರ್ಮ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟಬಹುದು ಅಂತ ಹವಾಮಾನ ಇಲಾಖೆಯ ಪಟ್ಟಿಯೇ ಹೇಳುತ್ತದೆ. ರೈಲಿನೊಳಗೆ ಇದು ಯಾವುದೂ ತಾಗುವುದಿಲ್ಲ, ನಿಜ. ತೊಂದರೆ ಇರುವುದು ಎರಡು ತುದಿಯಲ್ಲಿ. ಈ ಕಡೆ ಪಾರ್ಕಿಂಗ್‌ನಿಂದ ಪ್ಲಾಟ್‌ಫಾರ್ಮಿಗೆ ನಡೆಯಬೇಕು, ರೂಟ್ 59 ಸ್ಟೇಷನ್ ಆದರೆ ಆ ಲಾಟ್ ಎಷ್ಟು ಅಗಲ ಅಂತ ಅಲ್ಲಿ ಕಾರು ನಿಲ್ಲಿಸುವವರಿಗೇ ಗೊತ್ತು. ಆ ಕಡೆ ಯೂನಿಯನ್ ಸ್ಟೇಷನ್ ಇಳಿದು ಆಡಮ್ಸ್ ರಸ್ತೆಯಲ್ಲೋ ಜಾಕ್ಸನ್ ರಸ್ತೆಯಲ್ಲೋ ನದಿ ಸೇತುವೆ ದಾಟಬೇಕು. ಅಲ್ಲಿ ಎರಡೂ ಬದಿ ಎತ್ತರದ ಕಟ್ಟಡ, ನಡುವೆ ನದಿ, ಗಾಳಿಗೆ ಅದೇ ಹೆದ್ದಾರಿ. ನೆಲದಡಿಯಲ್ಲೇ ನಡೆದು ಹೋಗುವ ದಾರಿ, ಪೆಡ್‌ವೇ ಇದೆಯಲ್ಲ ಅನ್ನುತ್ತಾರೆ ಕೆಲವರು. ಅದು ಹೆಚ್ಚಾಗಿ ಲೂಪ್‌ನ, ಅಂದರೆ ಡೌನ್‌ಟೌನ್ ನಡುಭಾಗದ, ಪೂರ್ವ ಕಡೆ, ಸೇತುವೆ ದಾಟುವವರಿಗೆ ಏನೂ ಉಪಯೋಗವಿಲ್ಲ. ಆಫೀಸು ಸ್ಟೇಷನ್ ಪಕ್ಕದಲ್ಲೇ ಇದ್ದರೆ ನೀವು ಪುಣ್ಯವಂತರು. ಮಿಲೇನಿಯಮ್ ಪಾರ್ಕ್ ಕಡೆ ಇದ್ದರೆ ಚಳಿ ದಿನ ಬಸ್ ಹಿಡಿಯಿರಿ, ನಡೆದು ಸಾಹಸ ಮಾಡಬೇಡಿ.

ಇವೆರಡಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಹೆಪ್ಪುಗಟ್ಟುವ ಮಳೆ. ಮಳೆಯಾಗಿ ಬಿದ್ದು ನೆಲ ಮುಟ್ಟಿದ ತಕ್ಷಣ ಗಾಜಾಗುತ್ತದೆ. ರೈಲು ಬಂದರೂ ಪ್ಲಾಟ್‌ಫಾರ್ಮಿನವರೆಗೆ ಹೋಗುವಷ್ಟರಲ್ಲಿ ಸೊಂಟ ಉಳಿಯುವ ಖಾತ್ರಿಯಿಲ್ಲ. ಶೂ ಮೇಲೆ ಎಳೆದು ಹಾಕುವ ಮುಳ್ಳಿನ ರಬ್ಬರ್ ಪಟ್ಟಿ ಸಿಗುತ್ತದೆ, ದುಡ್ಡಿಗೆ ಮೋಸವಿಲ್ಲ, ಒಂದು ಜೊತೆ ಬ್ಯಾಗಿನಲ್ಲಿರಲಿ. ಆದರೆ ಸ್ಟೇಷನ್ನಿನ ಒಳಗಿನ ನುಣುಪು ಕಲ್ಲಿನ ಮೇಲೆ ಅದೇ ಮುಳ್ಳು ಜಾರುತ್ತದೆ, ಒಳಗೆ ಹೋಗುವ ಮುಂಚೆ ಬಿಚ್ಚಿಡಿ. ಅಂಥಾ ದಿನ ಆಫೀಸಿಗೆ ಹೋಗಲೇಬೇಕು ಅಂತ ಯಾವ ಮ್ಯಾನೇಜರ್ ಹೇಳಿದರೂ ನಾನಂತೂ ಹೋಗುವುದಿಲ್ಲ.

ಕಾರಿನಲ್ಲಿ ಹೋಗಬಹುದಲ್ವಾ? ಹೋಗಬಹುದು. ಐ-88 ಹೆದ್ದಾರಿ ಹಿಡಿದು ಐ-290ಕ್ಕೆ ಸೇರಿ, ಬೇಸಿಗೆಯಲ್ಲೂ ಜಾಮ್ ಆಗುವ ಹಿಲ್‌ಸೈಡ್ ದಾಟಿ. ರಸ್ತೆಗೆ ಉಪ್ಪು ಹಾಕಿರುತ್ತಾರೆ, ಆದರೆ ಸಾದಾ ಉಪ್ಪು 15 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ. ಅಂದರೆ ರೈಲು ಒದ್ದಾಡುವ ದಿನವೇ ರಸ್ತೆಯೂ ಒದ್ದಾಡುತ್ತದೆ. 2024ರ ಜನವರಿಯ ಚಳಿಯಲ್ಲಿ ಶಿಕಾಗೊ ಸುತ್ತ ಎಲೆಕ್ಟ್ರಿಕ್ ಕಾರುಗಳು ಚಾರ್ಜಿಂಗ್ ಜಾಗದಲ್ಲೇ ಸಾಲಾಗಿ ಕೆಟ್ಟು ನಿಂತಿದ್ದು ಸುದ್ದಿಯಾಗಿತ್ತು. ಚಳಿ ದಿನ ರೈಲು ಕೈಕೊಟ್ಟರೆ ಕಾರಿದೆ ಅಂತ ಧೈರ್ಯ ಮಾಡುವವರು ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಎಲ್ಲರೂ ನೋಡುವುದು ಬೆಳಗಿನ ಹವಾಮಾನ. ನಾನು ನೋಡುವುದು ಸಂಜೆ ಐದು ಗಂಟೆಯದ್ದು. 2011ರ ಫೆಬ್ರವರಿ 1ರ ಬ್ಲಿಝರ್ಡ್, ಅಂದರೆ ಹಿಮ ಬಿರುಗಾಳಿ, ಬಗ್ಗೆ ಇಲ್ಲಿನ ಹಳಬರು ಇವತ್ತಿಗೂ ಮಾತಾಡುತ್ತಾರೆ. ಬೆಳಗ್ಗೆ ಆಫೀಸಿಗೆ ಹೋಗುವಾಗ ಅಂಥಾದ್ದೇನೂ ಇರಲಿಲ್ಲ. ಮಧ್ಯಾಹ್ನದ ಮೇಲೆ ಹಿಡಿದ ಸ್ನೋ ಮರುದಿನದ ಹೊತ್ತಿಗೆ 21 ಇಂಚು ದಾಟಿತು. ಕೆಲಸ ಮುಗಿಸಿ ಲೇಕ್ ಶೋರ್ ಡ್ರೈವ್ ಹಿಡಿದವರ ನೂರಾರು ಕಾರುಗಳು, ಬಸ್ಸುಗಳೂ ಸೇರಿ, ಸರೋವರದ ಪಕ್ಕದಲ್ಲಿ ಗಂಟೆಗಟ್ಟಲೆ ಹೂತುಹೋದವು. ಸಿಕ್ಕಿಹಾಕಿಕೊಂಡಿದ್ದು ಮನೆಗೆ ಹೊರಟವರು, ಆಫೀಸಿಗೆ ಹೊರಟವರಲ್ಲ. ಹಾಗಾಗಿ ಬೆಳಗ್ಗೆ ಸ್ನೋ ಬಿದ್ದು ಮಧ್ಯಾಹ್ನಕ್ಕೆ ನಿಲ್ಲುವ ದಿನ ಧಾರಾಳವಾಗಿ ಹೋಗಿ, ಬೆಳಗ್ಗೆ ಸುಮ್ಮನಿದ್ದು ಮೂರು ಗಂಟೆಗೆ ಶುರುವಾಗುವ ದಿನ ಹೋಗಬೇಡಿ, ಹೋದರೆ ಒಂದು ಗಂಟೆಯ ಗಾಡಿಗೇ ವಾಪಸ್ ಬನ್ನಿ. ಅಂದಹಾಗೆ ಈ ಊರಿನಲ್ಲಿ ಸ್ನೋ ರಾಜಕೀಯವನ್ನೂ ಬಿಟ್ಟಿಲ್ಲ. 1979ರಲ್ಲಿ ರಸ್ತೆ ಸರಿಯಾಗಿ ಬಳಿಸಲಿಲ್ಲ ಅಂತ ಜನ ರೊಚ್ಚಿಗೆದ್ದು ಮೇಯರ್ ಮೈಕಲ್ ಬಿಲಾಂಡಿಕ್ ಅವರನ್ನು ಪಕ್ಷದೊಳಗಿನ ಚುನಾವಣೆಯಲ್ಲೇ ಸೋಲಿಸಿ, ಜೇನ್ ಬರ್ನ್ ಅವರನ್ನು ಗೆಲ್ಲಿಸಿದರು. ಆಮೇಲಿನ ಮೇಯರ್‌ಗಳೆಲ್ಲ ಸ್ನೋ ಅಂದರೆ ಮೈಯೆಲ್ಲ ಕಣ್ಣಾಗಿರುತ್ತಾರೆ.

ಹಾಗಾದರೆ ಮನೆಯಿಂದ ಕೆಲಸ? ಇದಕ್ಕೂ ಒಂದು ಅಂಕ ಕೊಡಬೇಕಲ್ಲ, ಸ್ನೋ ದಿನಕ್ಕೆ 5ಕ್ಕೆ 2. ಕೇಳಿದವರು ನಗಬಹುದು. ಮಧ್ಯಾಹ್ನಕ್ಕೆ ಬಿಸಿ ಸಾರು ಅನ್ನ ಸಿಗುತ್ತದೆ, ಕಾಲು ಬೆಚ್ಚಗಿರುತ್ತದೆ, ಅದೆಲ್ಲ ಸರಿ. ಆದರೆ ಸ್ನೋ ದಿನ ಮನೆಯಲ್ಲಿದ್ದವನೇ ಡ್ರೈವ್‌ವೇ ಬಳಿಯಬೇಕು. ಬಳಿದು ಒಳಗೆ ಬಂದು ಕಾಫಿ ಬಗ್ಗಿಸಿಕೊಳ್ಳುವಷ್ಟರಲ್ಲಿ ರಸ್ತೆಯ ಸ್ನೋ ತಳ್ಳುವ ಪ್ಲೌ ಗಾಡಿ ಬಂದು ರಸ್ತೆಯದ್ದನ್ನೆಲ್ಲ ಡ್ರೈವ್‌ವೇ ಬಾಯಿಗೆ ಗುಡ್ಡೆ ಹಾಕಿ ಹೋಗುತ್ತದೆ. ಮತ್ತೆ ಸಲಿಕೆ ಹಿಡಿಯಿರಿ. ಶಾಲೆಗೆ ರಜೆ ಕೊಟ್ಟರೆ ಮಕ್ಕಳು ಒದ್ದೆ ಬೂಟು ಹಾಕಿಕೊಂಡು ಒಳಗೆ ಹೊರಗೆ ಓಡಾಡುತ್ತಾರೆ, ರಜೆ ಕೊಡದೆ ಇ-ಲರ್ನಿಂಗ್ ಅಂದರೆ ಇನ್ನೂ ಕಷ್ಟ, ಮನೆಯಲ್ಲಿ ಒಟ್ಟೊಟ್ಟಿಗೆ ಮೂರ್ನಾಲ್ಕು ಮೀಟಿಂಗ್. ಎಲ್ಲರೂ ಹೊರಗೆ ಹೋದ ದಿನ ಹೀಟರ್ 62ಕ್ಕೆ ಇಳಿಸಿ ಹೋಗಬಹುದು, ಮನೆಯಲ್ಲಿದ್ದರೆ 70 ಬೇಕೇ ಬೇಕು. ಗ್ಯಾಸ್ ಬಿಲ್ಲು ಫೆಬ್ರವರಿಯಲ್ಲಿ ಮಾತಾಡುತ್ತದೆ. ಅದೇ ಕೊರೆಯುವ ಚಳಿ ದಿನಕ್ಕೆ ವರ್ಕ್ ಫ್ರಮ್ ಹೋಮ್ 5ಕ್ಕೆ 5. ಬಳಿಯುವುದಕ್ಕೆ ಸ್ನೋ ಇಲ್ಲ, ಆ ಚಳಿಗೆ ಮಕ್ಕಳು ಹೊರಗೆ ಹೋಗುವುದಿಲ್ಲ, ಕಿಟಕಿಯಿಂದ ಬಿಸಿಲು ಮೇಜಿನವರೆಗೂ ಬರುತ್ತದೆ.

ಟಿಕೆಟ್ ವಿಷಯ ಹೇಳದಿದ್ದರೆ ಬೈಯುತ್ತೀರಿ. 2024ರ ಫೆಬ್ರವರಿಯಲ್ಲಿ ಮೆಟ್ರಾ ತನ್ನ ದರ ಪದ್ಧತಿಯನ್ನೇ ಬದಲಿಸಿತು. ವಲಯಗಳನ್ನು ನಾಲ್ಕಕ್ಕೆ ಇಳಿಸಿ, ಹಳೆಯ 10 ಸವಾರಿ ಟಿಕೆಟ್ ತೆಗೆದು, ಐದು ಡೇ ಪಾಸ್‌ಗಳ ಕಟ್ಟು ತಂದಿತು. ಚಳಿಗಾಲಕ್ಕೆ ಈ ಕಟ್ಟೇ ವಾಸಿ. ಹೋದ ದಿನ ವೆಂಟ್ರಾ ಆ್ಯಪ್‌ನಲ್ಲಿ ಒಂದು ಪಾಸ್ ಚಾಲೂ ಮಾಡುತ್ತೀರಿ, ಮನೆಯಲ್ಲಿದ್ದ ದಿನ ಅದು ಹಾಗೇ ಉಳಿಯುತ್ತದೆ. ತಿಂಗಳ ಪಾಸ್ ಹಾಗಲ್ಲ. ಜನವರಿಗೆ ಅದನ್ನು ತೆಗೆದುಕೊಂಡರೆ, ದುಡ್ಡು ಕೊಟ್ಟಾಗಿದೆ ಅನ್ನುವ ಒಂದೇ ಕಾರಣಕ್ಕೆ ಹೋಗಬಾರದ ದಿನವೂ ಹೋಗುತ್ತೀರಿ. ವಾರಕ್ಕೆ ಐದು ದಿನವೂ ಹೋಗಲೇಬೇಕಾದವರ ಲೆಕ್ಕ ಬೇರೆ, ಅವರು ತಿಂಗಳದ್ದೇ ತೆಗೆದುಕೊಳ್ಳಲಿ. ಮತ್ತೆ ಆ್ಯಪ್ ಇರುವ ಫೋನನ್ನು ಕೋಟಿನ ಹೊರ ಜೇಬಿನಲ್ಲಿ ಇಡಬೇಡಿ, ಒಳ ಜೇಬಿನಲ್ಲಿಡಿ. ಚಳಿಗೆ ಬ್ಯಾಟರಿ ಬೇಗ ಕುಸಿಯುತ್ತದೆ, ಕಂಡಕ್ಟರ್ ಎದುರು ನಿಂತಾಗ ಕಪ್ಪು ಪರದೆ ತೋರಿಸಿ ಪ್ರಯೋಜನವಿಲ್ಲ.